ಮೂರನೇ ಗೂಡಿನ ಅಳತೆ

"ಸಹಾಯಕ್ಕೆ ಅಂತ ಇದ್ದ ಒಂದು ಜೀವಾನೂ ಹೋಯ್ತಲ್ಲ ಮೇಷ್ಟ್ರೇ, ಇನ್ನು ಅಷ್ಟು ಮೊಲಗಳನ್ನ ನೀವೊಬ್ರೇ ಹೇಗೆ ಸಂಭಾಳಿಸ್ತೀರಿ?" ಎಂದರು ಮೊಲ ಸಾಕುವವರ ಸಂಘದ ಕಾರ್ಯದರ್ಶಿ.

ತಂಗಿ ಏನೋ ಹೇಳಬೇಕೆಂದು ತಲೆ ಎತ್ತಿದಳು. ಬಾಯಲ್ಲಿ ಐದು ಗುಂಡುಪಿನ್ನುಗಳಿದ್ದವು. ತೀರಿಕೊಂಡ ಅಕ್ಕನ ಮೇಲೆ ಹೊದಿಸಲು ತಂದಿದ್ದ ಬಿಳಿ ಬಟ್ಟೆ ಒಂದು ಗೇಣು ಉದ್ದವಾಗಿತ್ತು. ಹೊಲಿಗೆ ಹಾಕಿಯೇ ಮೂವತ್ತು ವರ್ಷ ಹೊಟ್ಟೆ ಹೊರೆದವಳು ತನ್ನ ಅಕ್ಕನನ್ನು ಇಳಿಬಿದ್ದ ಅಂಚಿನಲ್ಲಿ ಕಳಿಸಲು ತಯಾರಿರಲಿಲ್ಲ. ಹಾಗಾಗಿ ನೆಲದ ಮೇಲೆ ಕೂತು ಅಂಚು ಮಡಚುತ್ತಿದ್ದಳು. ಪಿನ್ನುಗಳು ಅವತ್ತು ಕಾರ್ಯದರ್ಶಿಯ ಮರ್ಯಾದೆ ಉಳಿಸಿದವು.

"ಸಂಭಾಳಿಸಬೇಕು, ಏನ್ ಮಾಡೋದು" ಎಂದರು ಮೇಷ್ಟ್ರು, ಅಕ್ಕನ ಗಂಡ. ಶಾಲೆಯಲ್ಲಿ ಡ್ರಿಲ್ ಹೇಳಿಕೊಟ್ಟು ನಿವೃತ್ತರಾದವರು. ಹೆಂಡತಿಯ ಸಾವಿನ ಮನೆಯಲ್ಲೂ ಬೆನ್ನು ನೆಟ್ಟಗಿಟ್ಟೇ ನಿಂತಿದ್ದರು. ಬಂದವರಿಗೆ ಕುರ್ಚಿ ತೋರಿಸುತ್ತ, ನಡುನಡುವೆ ಗೋಡೆಯ ಹಲಗೆಯ ಕಡೆ ನೋಡುತ್ತಿದ್ದರು. ಅಲ್ಲಿ ಆರು ಕಪ್ಪುಗಳು ಸಾಲಾಗಿದ್ದವು. ಎಲ್ಲವೂ ಮೊಲದ ಪ್ರದರ್ಶನದಲ್ಲಿ ಅವರ ಹೆಸರಿಗೆ ಬಂದ ಬಹುಮಾನಗಳು. ಅವನ್ನು ಹೆಂಡತಿಯ ಫೋಟೋದ ಪಕ್ಕ ಜೋಡಿಸಿದರೆ ಚೆನ್ನಾಗಿರುತ್ತದೆ ಎಂಬ ಸಲಹೆ ಕಾರ್ಯದರ್ಶಿಯದು. ಏಳು ಇರಬೇಕಿತ್ತು, ಮೊದಲನೆಯದು ಕಾಣುತ್ತಿಲ್ಲ ಎಂದು ಮೇಷ್ಟ್ರು ಎದುರುಮನೆಯವಳ ಹತ್ತಿರ ಆಗಲೇ ಎರಡು ಸಲ ಹೇಳಿದ್ದರು. ಆಕೆಗೆ ಬೇಜಾರಾಗಿ, ಹೋದದ್ದನ್ನೆಲ್ಲ ಒಂದೇ ದಿನ ಹುಡುಕೋದು ಬೇಡ ಮೇಷ್ಟ್ರೇ, ಎಂದಿದ್ದಳು.

ಅಂಚು ಮುಗಿಸಿ, ಉಳಿದ ಪಿನ್ನುಗಳನ್ನು ಸೆರಗಿಗೆ ಚುಚ್ಚಿಕೊಂಡು ತಂಗಿ ಹಿತ್ತಲಿಗೆ ಹೋದಳು. ಅಳಬೇಕಾಗಿತ್ತು, ಅಷ್ಟೇ. ಆದರೆ ಅಳು ಬರಲು ಅವಕಾಶವೇ ಸಿಗಲಿಲ್ಲ.

ತಗಡಿನ ಮಾಡಿನ ಕೆಳಗೆ ಹನ್ನೊಂದು ಗೂಡುಗಳು. ಮೊದಲನೆಯ ಗೂಡಿನಲ್ಲಿ ಪ್ರದರ್ಶನಕ್ಕೆ ಹೋಗುವ ಗಂಡು, ಮುಂದೆ ಮೇವು ಹಾಗೇ ಬಿದ್ದಿದೆ, ಅದು ಹೊಟ್ಟೆ ತುಂಬಿ ಕಣ್ಣು ಮುಚ್ಚಿದೆ. ಮೂರನೇ ಗೂಡಿನಲ್ಲಿ ಮರಿ ಹಾಕಿ ಮೂರು ವಾರವಾದ ಬೂದು ತಾಯಿ. ಅದರ ಮೇವಿನ ತೊಟ್ಟಿ ನೆಕ್ಕಿ ನೆಕ್ಕಿ ಹೊಳೆಯುತ್ತಿತ್ತು. ನೀರಿನ ಬಟ್ಟಲು ಒಣಗಿತ್ತು. ಎಂಟು ಮರಿಗಳು ಆಗಷ್ಟೇ ಮೇವಿಗೆ ಬಾಯಿ ಹಾಕಲು ಕಲಿತಿದ್ದವು. ಏಳು ಜಾಲರಿಗೆ ಮೂಗೊತ್ತಿ ನಿಂತಿದ್ದವು. ಎಂಟನೆಯದು ಮೂಲೆಯಲ್ಲಿ ಮಲಗಿತ್ತು. ಮುಟ್ಟಿದಳು. ತಣ್ಣಗಿತ್ತು.

ಅಕ್ಕ ಸತ್ತದ್ದು ಮೊನ್ನೆ ಬೆಳಿಗ್ಗೆ, ಇದೇ ಜಾಗದಲ್ಲಿ. ದೂರದ ನೆಂಟರು ಬರಲೆಂದು ಮಣ್ಣು ಇವತ್ತಿಗೆ ನಿಂತಿತ್ತು. ಎಲ್ಲಕ್ಕೂ ಮೇವು ಹಾಕಿ ಮುಗಿಸಿ ಮೇವಿನ ಚೀಲದ ಮೇಲೆ ಕೂತವಳು ಏಳಲಿಲ್ಲ. ಊಟ ಯಾಕೆ ಇನ್ನೂ ಆಗಿಲ್ಲ ಎಂದು ಕೇಳಲು ಬಂದ ಮೇಷ್ಟ್ರು ಮಧ್ಯಾಹ್ನ ಒಂದು ಗಂಟೆಗೆ ನೋಡಿದರು. ಅಲ್ಲಿಂದ ಈಚೆಗೆ ಈ ಗೂಡುಗಳಿಗೆ ಬಿದ್ದದ್ದು ಅವರು ಆ ಚೀಲದಿಂದಲೇ ತೆಗೆದು ಹಾಕಿದ, ಅವರ ಲೆಕ್ಕದ ಮೇವು.

ತಂಗಿ ಮೇವಿನ ಡ್ರಮ್ಮಿನ ಮುಚ್ಚಳ ತೆಗೆದಳು. ಗುಳಿಗೆಯಂಥ ಒಣಮೇವಿನ ಒಳಗೆ ಅರ್ಧ ಹೂತುಕೊಂಡು ಏಳನೇ ಕಪ್ಪು ಕೂತಿತ್ತು.

*

ಆ ಕಪ್ಪು ಡ್ರಮ್ಮಿಗೆ ಇಳಿದು ನಾಲ್ಕು ವರ್ಷವಾಗಿತ್ತು. ಅವತ್ತು ತಂಗಿ ಬಂದಾಗ ಅಕ್ಕ ಮೊಳೆ ಹಿಡಿದು ಅದರ ಒಳಗೋಡೆಯನ್ನು ಗೀರುತ್ತಿದ್ದಳು. ಅಳೆಯುವ ಡಬ್ಬಿ ತೂತಾಗಿದೆ, ಇದೊಂದು ಸುಮ್ಮನೆ ಧೂಳು ತಿಂತಾ ಕೂತಿತ್ತು, ದುಡಿಯಲಿ ಅಂತ ಇಳಿಸಿದೆ ಎಂದಳು.

ಆ ಕಪ್ಪು ಬಂದ ದಿನ ಅಕ್ಕ ಪ್ರದರ್ಶನಕ್ಕೇ ಹೋಗಿರಲಿಲ್ಲ. ಒಂದು ಮೊಲ ಮರಿ ಹಾಕುವುದರಲ್ಲಿತ್ತು, ಅದರ ಪಕ್ಕದಲ್ಲಿ ಕೂತಿದ್ದಳು. ವೇದಿಕೆಯ ಮೇಲೆ ಯಾರೋ ಮೈಕು ಹಿಡಿದು, ಇಷ್ಟು ಪುಷ್ಟಿಯಾಗಿ ಬೆಳೆಸಿದ ಗುಟ್ಟೇನು ಎಂದು ಮೇಷ್ಟ್ರನ್ನು ಕೇಳಿದರಂತೆ. ಮೇಷ್ಟ್ರು ಎದೆ ಮುಂದೆ ಮಾಡಿ ಒಂದೇ ಮಾತು ಹೇಳಿದರಂತೆ, ಶಿಸ್ತು. ಇದನ್ನು ಹೇಳಿ ಅಕ್ಕ ಕೆಮ್ಮು ಬರುವಷ್ಟು ನಕ್ಕಿದ್ದಳು. ಆಮೇಲೆ ಪ್ರತಿ ಸಲ ಮೇವು ಅಳೆಯುವಾಗಲೂ ತೊಟ್ಟಿಗೆ ಸುರಿದು, "ತಗೋ, ಶಿಸ್ತು" ಎನ್ನುವಳು. ತಂಗಿಗೆ ಮಾತ್ರ ಒಂದು ದಿನವೂ ನಗು ಬಂದಿರಲಿಲ್ಲ.

ಮೊದಲ ಗೀರು, ಗಂಡುಗಳಿಗೆ ಮತ್ತು ಖಾಲಿ ಇರುವ ಹೆಣ್ಣುಗಳಿಗೆ. ಎರಡನೆಯದು ಗಬ್ಬದವಕ್ಕೆ. ಹಾಲೂಡುವ ತಾಯಿಗೆ ಕಂಠಪೂರ್ತಿ, ಮುಗಿದರೆ ಮತ್ತೆ. ಮರಿ ಮೇವಿಗೆ ಬಾಯಿ ಹಾಕತೊಡಗಿದ ಮೇಲಂತೂ ಆ ತೊಟ್ಟಿ ತಳ ಕಾಣಬಾರದು. ಇದಿಷ್ಟನ್ನೂ ಅಕ್ಕ ಒಂದೊಂದಾಗಿ ತೋರಿಸಿದ್ದಳು.

"ಪಕ್ಕದಲ್ಲಿ ಒಂದೊಂದು ಅಕ್ಷರ ಬರೀಬಾರ್ದಾ ಅಕ್ಕ? ನಿಂಗೆ ಹುಷಾರಿಲ್ದೆ ಇದ್ದಾಗ ಭಾವ ಹಾಕಬಹುದು" ಎಂದಿದ್ದಳು ತಂಗಿ.

ಅಕ್ಕ ಮೊಳೆಯನ್ನು ಊದಿ ಪುಡಿ ಹಾರಿಸಿದಳು. "ಬರೆದ್ರೆ ಅವ್ರಿಗೂ ಓದೋಕೆ ಬರತ್ತಲ್ಲೇ" ಎಂದಳು. ಆಗ ಅವಳ ಮುಖದಲ್ಲಿ ನಗುವಿರಲಿಲ್ಲ. ಇಷ್ಟು ವರ್ಷ ಎಲ್ಲವನ್ನೂ ನಕ್ಕು ಬಿಟ್ಟವಳು ಎಲ್ಲವನ್ನೂ ಮನಸ್ಸಿನಿಂದ ಬಿಟ್ಟಿರಲಿಲ್ಲ ಎಂಬುದು ತಂಗಿಗೆ ಗೊತ್ತಾದದ್ದು ಅವತ್ತು.

*

ತಂಗಿ ಮೊದಲು ನೀರಿಟ್ಟಳು. ಹಸಿದ ಹೊಟ್ಟೆಗೆ ಒಂದೇ ಸಲ ಸುರಿಯಬಾರದೆಂದು ಎರಡನೇ ಗೀರಿನವರೆಗೆ ಅಳೆದು ಹಾಕಿದಳು. ತಾಯಿಯೂ ಮರಿಗಳೂ ಒಂದರ ಮೇಲೊಂದು ಬಿದ್ದವು. ಅಷ್ಟರಲ್ಲಿ ಹಿಂದಿನಿಂದ ಮೇಷ್ಟ್ರ ದನಿ ಕೇಳಿಸಿತು.

"ಇಲ್ಲಿತ್ತಾ ಇದು!"

ಕಪ್ಪನ್ನು ಅವಳ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದರು. ಮೊದಲ ಬಹುಮಾನದ ಕಪ್ಪು, ಇದರಲ್ಲಿ ಮೇವು ಅಳೆಯೋದಾ, ಒಳಗೆಲ್ಲ ಗೀಚಿ ಹಾಳು ಮಾಡಿದಾಳಲ್ಲ ಎಂದು ಗೊಣಗಿದರು. ತಂಗಿ ಸತ್ತ ಮರಿಯನ್ನು ಅಂಗೈಯಲ್ಲಿ ಹಿಡಿದು ಅವರ ಮುಂದೆ ಚಾಚಿದಳು. ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. ಹೊರಗೆ ಗಾಡಿ ಬಂತೆಂದು ಯಾರೋ ಕರೆದರು. ಅವರು ಕಪ್ಪಿನೊಂದಿಗೆ ಒಳಗೆ ಹೋದರು.

ಅಕ್ಕನನ್ನು ಮಣ್ಣು ಮಾಡಿ ಬಂದಾಗ ಇನ್ನೂ ಬಿಸಿಲಿತ್ತು. ನಡುಮನೆಯಲ್ಲಿ ಕುರ್ಚಿಗಳು ಸಾಲದೆ ಕೆಲವರು ಬಾಗಿಲಲ್ಲೇ ನಿಂತರು. ಫೋಟೋದ ಪಕ್ಕ ಈಗ ಏಳು ಕಪ್ಪುಗಳು. ಕಾರ್ಯದರ್ಶಿ ಎದ್ದು ನಿಂತು, ಮೇಷ್ಟ್ರ ಸಾಧನೆಯ ಹಿಂದೆ ಸದ್ದಿಲ್ಲದೆ ದುಡಿದ ತಾಯಿ ಎಂದು ಶುರು ಮಾಡಿದರು. ಬೂದು ಮೊಲದ ಆ ಎಂಟು ಮರಿಗಳನ್ನು ಮುಂದಿನ ಪ್ರದರ್ಶನಕ್ಕೆ ಇಡಲೇಬೇಕು, ಎಂಟನೇ ಕಪ್ಪು ಅವರ ನೆನಪಿಗೆ, ಎಂದರು. ಮೇಷ್ಟ್ರು ತಲೆಯಾಡಿಸಿದರು. ನನ್ನ ಕೆಲಸಕ್ಕೆ ಒಳ್ಳೇ ಸಹಾಯ ಮಾಡಿದಳು, ಶಿಸ್ತಿನ ಹೆಂಗಸು, ಎಂದರು.

ತಂಗಿಯ ಬಾಯಲ್ಲಿ ಈಗ ಪಿನ್ನುಗಳಿರಲಿಲ್ಲ.

"ಭಾವ, ಮೂರನೇ ಗೂಡಿಗೆ ಎಷ್ಟು ಮೇವು ಹಾಕಿದ್ರಿ?"

ಎಲ್ಲರೂ ತಿರುಗಿದರು. ಇದು ಅದನ್ನೆಲ್ಲ ಕೇಳುವ ಹೊತ್ತೇನಮ್ಮ ಎಂದರು ಮೇಷ್ಟ್ರು. ಇದೇ ಹೊತ್ತು ಎಂದಳು ತಂಗಿ.

"ಎಲ್ಲಕ್ಕೂ ಹಾಕಿದಷ್ಟೇ. ದಿನಕ್ಕೆ ಒಂದೊಂದು ಹಿಡಿ. ನನ್ನಲ್ಲಿ ಭೇದಭಾವ ಇಲ್ಲ."

ಕಾರ್ಯದರ್ಶಿ ಎಂಥವರೇ ಆಗಲಿ, ಮೊಲ ಸಾಕಿದವರು. ಬಾಯಿ ತಪ್ಪಿ ಕೇಳಿಯೇಬಿಟ್ಟರು. "ಹಾಲೂಡೋ ತಾಯಿಗೆ ಒಂದು ಹಿಡಿನಾ ಮೇಷ್ಟ್ರೇ? ಎಂಟು ಮರಿ ಇಟ್ಕೊಂಡು?"

"ಏಳು" ಎಂದಳು ತಂಗಿ. "ಒಂದು ಸತ್ತಿದೆ. ನೀರೂ ಇರ್ಲಿಲ್ಲ."

ಕಾರ್ಯದರ್ಶಿ ಕಪ್ಪುಗಳನ್ನು ನೋಡಿದರು, ಮೇಷ್ಟ್ರನ್ನು ನೋಡಿದರು, ಕೂತುಕೊಂಡರು. ಎದುರುಮನೆಯವಳು ಸೆರಗು ಬಾಯಿಗೆ ಒತ್ತಿಕೊಂಡು, ಬೆಳಿಗ್ಗೆ ಐದಕ್ಕೇ ಹಿತ್ತಲಲ್ಲಿ ಈ ಅಮ್ಮ ಮೊಲಗಳ ಹತ್ರ ಮಾತಾಡೋದು ನಮ್ಮನೆಗೆ ಕೇಳಿಸ್ತಿತ್ತು, ಮೇಷ್ಟ್ರ ದನಿ ಒಂದು ದಿನವೂ ಕೇಳಿಲ್ಲ, ಎಂದು ಪಕ್ಕದವಳಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ಅವಳು ನಂಗೆ ಹೇಳಿಕೊಡ್ಲೇ ಇಲ್ಲ" ಎಂದರು ಮೇಷ್ಟ್ರು. ಅವತ್ತು ಮೊದಲ ಬಾರಿಗೆ ಅವರ ಬೆನ್ನು ಬಾಗಿತು.

ನಿಜ, ಹೇಳಿಕೊಟ್ಟಿರಲಿಲ್ಲ. ಅದಕ್ಕೇ ತಂಗಿಗೆ ಇನ್ನಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಆ ಕ್ಷಣ ಅವಳಿಗೂ ಗೊತ್ತಾಗಲಿಲ್ಲ.

*

ಜನ ಕರಗಿದ ಮೇಲೆ ಅವಳು ಹಿತ್ತಲಿನ ಮೂಲೆಯಲ್ಲಿ ಗುಣಿ ತೋಡಿ ಮರಿಯನ್ನು ಹೂತಳು. ಕೈ ತೊಳೆಯುವಾಗ ಮೇಷ್ಟ್ರು ಬಂದರು, ಕೈಯಲ್ಲಿ ಆ ಕಪ್ಪು.

"ಈ ಗೀರು ಏನಂತ ನಿಂಗೆ ಗೊತ್ತು."

"ಗೊತ್ತು."

"ಏನದು?"

"ಶಿಸ್ತು" ಎಂದಳು ತಂಗಿ.

ಮೇಷ್ಟ್ರ ಕಿವಿ ಕೆಂಪಾಯಿತು. ಅವಳು ಬಿಡಲಿಲ್ಲ. ನಾಳೆ ಟೆಂಪೋ ತರುತ್ತೇನೆ, ಹನ್ನೊಂದು ಗೂಡೂ ನನ್ನ ಮನೆಗೆ ಹೋಗುತ್ತವೆ, ಬೇಕಾದರೆ ಸಂಘದವರನ್ನು ಕರೆಸಿ ಪಂಚಾಯಿತಿ ಮಾಡಿ, ಎಂದಳು. ಅವರು ಕೂಗಾಡಲಿ ಎಂದೇ ಕಾದಳು. ಕೂಗಾಡಿದರೆ ಹೇಳಲು ಮೂವತ್ತು ವರ್ಷದ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು.

ಮೇಷ್ಟ್ರು ಗೂಡುಗಳ ಉದ್ದಕ್ಕೂ ಒಮ್ಮೆ ನೋಡಿದರು.

"ಎಲ್ಲಾ ತಗೊಂಡು ಹೋಗು. ಕಪ್ ಮಾತ್ರ ನಂದು."

ಆಡಬೇಕೆಂದಿದ್ದ ಮಾತುಗಳೆಲ್ಲ ಒಣಗಿಹೋದವು. ತಂಗಿ ಕೈ ಚಾಚಿ, ಐದು ನಿಮಿಷ ಕೊಡಿ ಎಂದು ಕಪ್ಪನ್ನು ಇಸಿದುಕೊಂಡಳು. ಮೊದಲ ಗೀರಿನವರೆಗೆ ಮೇವು ತುಂಬಿ, ಅದನ್ನು ಒಂದು ಖಾಲಿ ಹಾಲಿನಪುಡಿ ಡಬ್ಬಿಗೆ ಸುರಿದಳು. ಸೆರಗಿನಿಂದ ಗುಂಡುಪಿನ್ನು ಕಿತ್ತು, ಮೇವು ನಿಂತ ಮಟ್ಟಕ್ಕೆ ಡಬ್ಬಿಯ ಒಳಗೆ ಗೀರಿದಳು. ಎರಡನೇ ಗೀರನ್ನೂ ಹಾಗೇ ಇಳಿಸಿಕೊಂಡಳು. ಕೊನೆಗೆ ಕಂಠಪೂರ್ತಿಯ ಅಳತೆ. ಮೂರು ಗೀರು. ಪಕ್ಕದಲ್ಲಿ ಅಕ್ಷರ ಬರೆಯಲಿಲ್ಲ.

ಆ ಡಬ್ಬಿಯ ಮೇವನ್ನು ಮೂರನೇ ಗೂಡಿಗೆ ಸುರಿದು ಕಪ್ಪನ್ನು ಮೇಷ್ಟ್ರ ಕೈಗಿಟ್ಟಳು.

ಮೇಷ್ಟ್ರು ಅದನ್ನು ಬೋರಲು ಹಿಡಿದು ತಟ್ಟಿದರು, ಕರವಸ್ತ್ರದಿಂದ ಒಳಗೆ ಒರೆಸಿದರು, ಬೆಳಕಿಗೆ ಹಿಡಿದು ನೋಡಿ ಒಳಗೆ ನಡೆದರು. ತಳದಲ್ಲಿ ಉಳಿದಿದ್ದ ನಾಲ್ಕು ಗುಳಿಗೆ ನೆಲಕ್ಕೆ ಬಿದ್ದಿದ್ದವು. ತಂಗಿ ಬಗ್ಗಿ ಒಂದೊಂದಾಗಿ ಹೆಕ್ಕಿ, ಮಣ್ಣು ಊದಿ, ಏಳು ತಲೆಗಳ ನಡುವೆ ತೊಟ್ಟಿಗೆ ಹಾಕಿದಳು.