ಎದ್ದು ಹೊರನಡೆದ ಅಧ್ಯಕ್ಷರು

ನಾಗಣ್ಣನವರಿಗೆ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂರುವುದೇ ಗೊತ್ತಿರಲಿಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿಯಬೇಕಾದ ಪ್ರಯಾಣಿಕರಂತೆ ಸದಾ ಅಂಚಿನಲ್ಲೇ ಕೂತು, ಕಲಬುರಗಿಯ ಸುಡುಬೇಸಿಗೆಯಲ್ಲೂ ಬಿಡದ ಕಂದು ಕೋಟಿನ ಗುಂಡಿ ತಿರುವುತ್ತ, ಬಂದವರ ಮಾತಿಗೆಲ್ಲ "ವಿಚಾರ ಮಾಡೂಣ್ರೀ" ಎನ್ನುವರು. ಜಗತ್ ವೃತ್ತದ ಬಳಿ ಬಟ್ಟೆ ಅಂಗಡಿ ಇಟ್ಟು ಎಂತೆಂಥ ಗಿರಾಕಿಗಳನ್ನೋ ಸಂಭಾಳಿಸಿದ ಈ ಸೌಮ್ಯಮೂರ್ತಿ ಯಾರ ಮಾತನ್ನೂ ಮೀರುವವರಲ್ಲ ಎಂಬ ನಂಬಿಕೆಯಿಂದಲೇ ಸರ್ಕಾರದ ದೊಡ್ಡವರು ಅವರನ್ನು ಕಮಲಾಪುರದ ಕೆರೆ ಪ್ರದೇಶ ಯೋಜನಾ ಸಮಿತಿಗೆ ಅಧ್ಯಕ್ಷರನ್ನಾಗಿ ನೇಮಿಸಿದ್ದು. ಸಮಿತಿಯ ಅರ್ಧ ಸದಸ್ಯರನ್ನು ಸರ್ಕಾರ ಹೆಸರಿಸುತ್ತಿತ್ತು, ಉಳಿದರ್ಧವನ್ನು ಸುತ್ತಲಿನ ಪಂಚಾಯಿತಿಗಳು ಕಳಿಸುತ್ತಿದ್ದವು. ಮತ ಸಮನಾದರೆ ಅಧ್ಯಕ್ಷರದೇ ಕಡೆಯ ಮಾತು. ಮೆದು ಮನುಷ್ಯ ಕೈಯೊಳಗಿದ್ದರೆ ಕೆರೆಯಂಚಿನ ಜಾಗವೂ ಕೈಯೊಳಗೆ ಎಂದುಕೊಂಡವರು, ಪಾಪ, ಬೇಸ್ತು ಬಿದ್ದರು.

ನಾಗಣ್ಣನವರು ಮೊದಲು ಮಾಡಿದ ಕೆಲಸವೆಂದರೆ ಸಭೆಯನ್ನು ನಗರದ ಕಚೇರಿಯಿಂದ ಬಿಡಿಸಿ, ಕಮಲಾಪುರದಲ್ಲಿ ಸಂತೆಯ ದಿನವೇ ಬಾಗಿಲು ತೆರೆದಿಟ್ಟು ನಡೆಸಿದ್ದು. ಕೆಂಪು ಬಾಳೆ ಮಾರಿ ಮುಗಿಸಿದವರು ಖಾಲಿ ಬುಟ್ಟಿಯೊಂದಿಗೆ ಒಳಬಂದು, ನಿಂತೇ ಜಗಳ ತೆಗೆಯುವರು. ಅಧ್ಯಕ್ಷರಿಗೆ ಅದೇ ಪರಮಾನಂದ.

ಕೆರೆಯಂಚಿನಲ್ಲಿ ಎಲ್ಲಿಯವರೆಗೆ ಮನೆ ಕಟ್ಟಕೂಡದೆಂಬ ಗಡಿ ಎಳೆಯುವ ದಿನ ಬಂತು. ಆ ಗಡಿಯೊಳಗೆ ಅವರ ತಂಗಿ ಶಿವಕಾಂತಮ್ಮನ ಜಾಗವಿತ್ತು. ಗಂಡ ತೀರಿಕೊಂಡ ಮೇಲೆ ಕೋಟನೂರಿನ ಬಾಡಿಗೆ ಮನೆಯಲ್ಲಿ ದಿನ ನೂಕುತ್ತಿದ್ದ ಆಕೆಗೆ, ಒಂದು ಸ್ವಂತ ಸೂರಾಗಲೆಂದು ನಾಗಣ್ಣನವರೇ ತವರಿನ ಪಾಲಾಗಿ ಕೊಟ್ಟ ಜಾಗವದು. ಗಡಿ ಬೇಕೆನ್ನುವ ಸದಸ್ಯರೂ ಬೇಡವೆನ್ನುವವರೂ ಸಮನಾಗಿದ್ದರು. ಅಣ್ಣ ಒಂದು ಮಾತು ಹೇಳಿದರೆ ತಂಗಿಯ ಮನೆ ಏಳುತ್ತಿತ್ತು. ಆದರೆ ತಮ್ಮವರ ಜಾಗದ ಪ್ರಶ್ನೆ ಬಂದಾಗ ಸದಸ್ಯರು ಹೊರಹೋಗಬೇಕೆಂಬ, ಅದುವರೆಗೆ ಯಾರೂ ಪಾಲಿಸದ ನಿಯಮವೊಂದಿತ್ತು.

"ಇದು ನನ್ನ ತಂಗಿ ಜಾಗ ಅದರೀ. ನಾ ಇಲ್ಲಿ ಇರಬಾರ್ದು," ಎಂದು ನಾಗಣ್ಣನವರು ಎದ್ದರು. ಬಾಗಿಲ ಬಳಿ ನಿಂತಿದ್ದ ಶಿವಕಾಂತಮ್ಮನನ್ನು ದಾಟಿಯೇ ಹೋಗಬೇಕಿತ್ತು. ತಲೆ ತಗ್ಗಿಸಿ ಹೋದರು. ಅವರ ಸ್ಥಾನಕ್ಕೆ ಬಂದ ಉಪಾಧ್ಯಕ್ಷೆ ಆಯೇಶಾ ಕಡೆಯ ಮತವನ್ನು ಕೆರೆಯ ಪರವಾಗಿ ಹಾಕಿದರು. ಕೆರೆ ಉಳಿಯಿತು.

ಪಂಚಮಿ ಹಬ್ಬಕ್ಕೆ ತಂಗಿಯನ್ನು ಕರೆಯಲು ನಾಗಣ್ಣನವರು ಎಂದಿನಂತೆ ಕೋಟನೂರಿಗೆ ಹೋದರು. "ಜಗತ್‌ದಾಗಿನ ಅಂಗಡಿ ಮ್ಯಾಲಿನ ಮನಿ ನಿನ್ನ ಹೆಸರಿಗೆ ಮಾಡ್ತೇನಿ, ತಗೋಳವ್ವಾ," ಎಂದರು. ಶಿವಕಾಂತಮ್ಮ ಚಹಾ ತಂದಿಟ್ಟಳು.

"ಮನಿ ಎಲ್ಲ್ಯಾದ್ರೂ ಸಿಗ್ತದ, ಅಣ್ಣಾ. ನನ್ನ ಸಲುವಾಗಿ ಅವತ್ತೊಂದಿನ ನೀ ಕುಂದ್ರಬೇಕಿತ್ತು."

ಹಬ್ಬಕ್ಕೆ ಆಕೆ ಬರಲಿಲ್ಲ. ನಾಗಣ್ಣನವರದು ತಪ್ಪೆನ್ನಲು ಬಾಯಿ ಬಾರದು, ಶಿವಕಾಂತಮ್ಮನದು ತಪ್ಪೆನ್ನಲು ಮನಸ್ಸಿಲ್ಲ. ಊರಿಗೆಲ್ಲ ನ್ಯಾಯವಂತರಾದವರಿಂದ ಒಡಹುಟ್ಟಿದವರು ಬೇಡುವುದು ಒಂದೇ ಒಂದು ಪಕ್ಷಪಾತವನ್ನು. ಅದೊಂದನ್ನು ಕೊಡಲಾರದ ಇಂಥ ಜೀವಗಳು ಉಳಿದುದೆಲ್ಲವನ್ನೂ ಕೈತುಂಬ ಹಿಡಿದುಕೊಂಡು ಅವರ ಬಾಗಿಲಲ್ಲಿ ನಿಂತಿರುತ್ತವೆ.