ಪಕ್ಕದ ಮಂಚದ ರೋಗಿ

"ನಿಧಾನ! ತಲೆ ಕಡೆ ಎತ್ತಿ, ಕಾಲ ಕಡೆ ಇಳಿಸಿ!" ಎಂದು ಗಡಿಯಾರ ರಿಪೇರಿಯವನು ಮೆಟ್ಟಿಲ ಕೆಳಗೆ ನಿಂತು ಕೂಗಿದ. ಶವಪೆಟ್ಟಿಗೆ ತಿರುವಿನಲ್ಲಿ ಸಿಕ್ಕಿಕೊಂಡಿತ್ತು.

"ಬದುಕಿದ್ದಾಗ್ಲೂ ಮಾವನಿಗೆ ಹೀಗೇ ಬೈತಿದ್ರಿ. ಈಗ್ಲಾದ್ರೂ ಬಿಡಿ," ಎಂದ ಸತ್ತವನ ಅಳಿಯ.

ಹೊತ್ತವರೆಲ್ಲ ನಕ್ಕರು. ಗಡಿಯಾರದವನಿಗೆ ಮಾತ್ರ ಮಾತು ಎದೆಗೆ ನಾಟಿತು.

*

ಸತ್ತವನು ಕ್ಷೌರಿಕ, ಬುದ್ಧನ ದಾರಿ ಹಿಡಿದವನು. ಗಡಿಯಾರದವನು ಯೆಹೂದಿ. ಮೂವತ್ತು ವರ್ಷ, ಅಂಗಡಿಗೆ ರಜೆಯಿದ್ದ ದಿನವೆಲ್ಲ ಇಬ್ಬರೂ ಆಸ್ಪತ್ರೆಗೆ ಹೋಗುತ್ತಿದ್ದರು. ಕ್ಷೌರಿಕ ರೋಗಿಗಳ ಗಡ್ಡ ಹೆರೆದು, ಕತ್ತಿ ಒರೆಸಿಟ್ಟು, ಅವರ ಕೈ ಹಿಡಿದು ಸುಮ್ಮನೆ ಕೂರುತ್ತಿದ್ದ. ಇವನು ಕಂಬಳಿಗೆ, ಔಷಧಿಗೆ ಅಂತ ದಾದಿಯರ ಜೀವ ತಿನ್ನುತ್ತಿದ್ದ.

"ಮೊದ್ಲು ನೋವಿನ ಪಕ್ಕ ಕೂತ್ಕೋಬೇಕು ಕಣೋ. ಅದೂ ಬರುತ್ತೆ, ಹೋಗುತ್ತೆ," ಎನ್ನುತ್ತಿದ್ದ ಕ್ಷೌರಿಕ.

"ಕೂತ್ರೆ ಆಯ್ತಾ? ಯಾಕಪ್ಪಾ ಹೀಗ್ಮಾಡ್ದೆ ಅಂತ ದೇವರ ಕೊರಳಪಟ್ಟಿ ಹಿಡಿದು ಕೇಳ್ಬೇಕು. ಅವನು ಬಾಯಿ ಬಿಡೋ ಹೊತ್ತಿಗೆ ನಾವು ಕಂಬಳಿ ತಂದಿರ್ಬೇಕು!"

ಹೋದ ತಿಂಗಳು ಕ್ಷೌರಿಕನೇ ಅದೇ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ. ದೊಡ್ಡ ಡಾಕ್ಟರನ್ನು ಕರೆಸುತ್ತೇನೆಂದು ಇವನು ಹೇಳಿದರೆ "ಇರ್ಲಿ ಬಿಡೋ" ಎಂದು ನಕ್ಕ.

"ನಿನ್ನ ಶಾಂತಿ ಅಂದ್ರೆ ಬರೀ ಸೋಮಾರಿತನ!" ಎಂದು ಇವನು ಎದ್ದು ಬಂದ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

*

ಮಣ್ಣು ಮಾಡಿ ಬಂದ ಮೇಲೆ ಗಡಿಯಾರದವನು ಗೆಳೆಯನ ಹೆಂಡತಿಯ ಮುಂದೆ ನಿಂತ. "ಅತ್ತಿಗೆ, ನನ್ನ ಮಾತಿಗೆ ಅವನು ನೊಂದ್ಕೊಂಡಿದ್ನಾ?"

"ನೊಂದ್ಕೊಳ್ಳೋದಾ? ಮಾರನೇ ದಿನವೇ ಇಡೀ ವಾರ್ಡನ್ನ ತಲೆ ಮೇಲೆ ಹೊತ್ಕೊಂಡ್ರು. ಪಕ್ಕದ ಮಂಚದವನು ಬೆಳಗ್ಗೆಯಿಂದ ನರಳ್ತಿದಾನೆ, ಯಾರೂ ನೋಡ್ತಿಲ್ಲ ಅಂತ ಒಂದೇ ಕೂಗು. ಇಬ್ಬರು ಡಾಕ್ಟರು, ಮೂವರು ದಾದಿಯರು ಓಡಿ ಬಂದ್ರು. ಇಂಜೆಕ್ಷನ್ ಚುಚ್ಚಿದ್ದೇ ತಡ, ಅವನು ಹೌಹಾರಿ ಎದ್ದು ಕೂತ."

"ಏನಾಗಿತ್ತು ಅವನಿಗೆ?"

"ಏನೂ ಇಲ್ಲ! ರೋಗಿ ಎಕ್ಸ್‌ರೇಗೆ ಹೋಗಿದ್ದ. ಖಾಲಿ ಮಂಚದ ಮೇಲೆ ಅವನ ಭಾವಮೈದ ಬಿದ್ಕೊಂಡು ಗೊರಕೆ ಹೊಡೀತಿದ್ದ!"

ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕ. ಗಡಿಯಾರದವನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಒಂದು ತಿಂಗಳಿನಿಂದ ಹೊತ್ತಿದ್ದ ಭಾರ ಇಳಿದು, ಖುಷಿಯೋ ಖುಷಿ.

"ಆಮೇಲೆ ನಿಮ್ಮನ್ನ ನೆನೆದು, 'ಬರೀ ಕೂತ್ರೆ ಆಗಲ್ಲ, ಅವನು ಅಂದಿದ್ದು ಸರಿ ಕಣೇ. ಆದ್ರೆ ಅವನಿಗೆ ಹೇಳ್ಬೇಡ, ಸಾಯೋವರೆಗೂ ಆಡ್ಕೋತಾನೆ' ಅಂದ್ರು," ಎಂದು ಆಕೆಯೂ ನಕ್ಕಳು. ನಗುತ್ತಲೇ, ಬೆಳಗಿನಿಂದ ಮೊದಲ ಬಾರಿಗೆ, ಅತ್ತಳು.

ಗೋಡೆಯ ಗಡಿಯಾರ ಇಪ್ಪತ್ತು ನಿಮಿಷ ಹಿಂದಿತ್ತು. ಅವನ ಕೈ ಜೇಬಿನ ಸ್ಕ್ರೂಡ್ರೈವರಿನವರೆಗೆ ಹೋಗಿ ವಾಪಸು ಬಂತು. ಅತ್ತಿಗೆಯ ಪಕ್ಕ ಕೂತು, ಆಕೆಯ ಕೈ ಹಿಡಿದುಕೊಂಡು, ಗಡಿಯಾರ ತನ್ನ ಪಾಡಿಗೆ ಹಿಂದೆ ಬೀಳುವುದನ್ನು ನೋಡುತ್ತ ಸುಮ್ಮನಿದ್ದ.