ಎಣ್ಣೆ ಹಚ್ಚಿದ ಕಡಲಹಕ್ಕಿ

1964ರ ಆಟಿ ತಿಂಗಳು, ಜಡಿಮಳೆಯ ಕಾಲ. ಮೂರು ದಿನ ಬೀಸಿದ ಗಾಳಿ ನಿಂತ ಬೆಳಿಗ್ಗೆ ಸುಳ್ಯದ ಹತ್ತಿರದ ಆಲೆಟ್ಟಿಯ ಪೂವಮ್ಮನ ಹಟ್ಟಿಯ ಹಿಂದೆ ಒಂದು ಹಕ್ಕಿ ಬಿದ್ದಿತ್ತು. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಕವಲು ಬಾಲ. ಕಾಲಿನಲ್ಲಿ ಅಲ್ಯೂಮಿನಿಯಂ ಬಳೆ. ಪೂವಮ್ಮ ಊರಿನ ಸೂಲಗಿತ್ತಿ; ಉಸಿರಿದ್ದದ್ದನ್ನು ಬಿಟ್ಟುಬಿಡುವವಳಲ್ಲ.

ಬಳೆಯ ಅಕ್ಷರಗಳನ್ನು ಶಾಲೆಯ ಮಹಾಲಿಂಗ ಮಾಷ್ಟ್ರು ಓದಿದರು. "ಮುಂಬಯಿಯ ವಿಳಾಸ ಉಂಟು, ನಂಬ್ರ ಉಂಟು. ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗ್ತದೆ ಅಂತ ತಿಳೀಲಿಕ್ಕೆ ಹಾಕುದು."

"ನಮ್ಮ ಎತ್ತಿಗೆ ಬರೆ ಹಾಕಿದ ಹಾಗೆ?"

"ನಿಮ್ಮ ಎತ್ತು ಸುಳ್ಯ ದಾಟಿದ್ದುಂಟಾ ಪೂವಮ್ಮ? ಇದು ಸಮುದ್ರ ದಾಟುದು. ಬದುಕಿಸಿ ಬಿಟ್ರೆ ಇನ್ನೂ ದಾಟೀತು."

ಅಕ್ಕಿ ಹಾಕಿದರೆ ಹಕ್ಕಿ ಮುಟ್ಟಲಿಲ್ಲ. ಒಣಮೀನು ಮಾರುವ ಸುಹರಾ ನೋಡಿ ನಕ್ಕಳು. "ಆಟಿಯಲ್ಲಿ ನಮಗೇ ಹಸಿ ಮೀನಿಲ್ಲ ಮಾರಾಯ್ತಿ, ನಿನ್ನ ನೆಂಟರಿಗೆ ಎಲ್ಲಿಂದ ತರ್ಲಿ?" ಪೂವಮ್ಮ ಗದ್ದೆಯ ತೋಡಿನಲ್ಲಿ ಮೈ ಒರೆಸುವ ಬೈರಾಸು ಒಡ್ಡಿ ಸಣ್ಣ ಮೀನು ಹಿಡಿದಳು. ಹಕ್ಕಿ ಅದನ್ನು ನುಂಗಿತು. ಮೂರನೆಯ ದಿನ ರೆಕ್ಕೆ ಬಿಡಿಸಿತು.

ಬಿಡುವ ಮೊದಲು, ಬಡಕಲು ಶಿಶುಗಳಿಗೆ ಮಾಡುವಂತೆಯೇ, ಪೂವಮ್ಮ ತೆಂಗಿನೆಣ್ಣೆ ಬೆಚ್ಚಗೆ ಮಾಡಿ ಹಕ್ಕಿಯ ಎದೆಗೆ, ಬೆನ್ನಿಗೆ, ಎರಡೂ ರೆಕ್ಕೆಗೆ ತಿಕ್ಕಿದಳು. ಮೂವತ್ತು ವರ್ಷ ಆ ಕೈ ತಪ್ಪಿರಲಿಲ್ಲ.

ಗುಡ್ಡದ ತಲೆಯಲ್ಲಿ ಬಿಟ್ಟಾಗ ಹಕ್ಕಿ ಹತ್ತು ಮಾರು ಹಾರಿ ಕೆಳಗೆ ಬಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು. ಮೊದಲ ದಿನ ಕೆಸುವಿನ ಎಲೆಯಿಂದ ಜಾರಿದಂತೆ ನೀರು ಜಾರುತ್ತಿದ್ದ ಬೆನ್ನು ಈಗ ಹಳೇ ಬಟ್ಟೆಯಂತೆ ನೀರು ಕುಡಿಯಿತು. ಗರಿಗಳು ಒಂದಕ್ಕೊಂದು ಅಂಟಿ ಚರ್ಮ ಕಾಣುತ್ತಿತ್ತು. ಪೂವಮ್ಮನಿಗೆ ಅಲ್ಲಿಯೇ ಅರ್ಥವಾಯಿತು. ಎಣ್ಣೆ ತೆಗೆಯಲು ಕಡಲೆಹಿಟ್ಟು ತಿಕ್ಕಿದಳು, ಒಲೆಯ ಬುಡದಲ್ಲಿಟ್ಟಳು. ಸಂಜೆಯೊಳಗೆ ಅದು ನಡುಗುವುದನ್ನು ನಿಲ್ಲಿಸಿತು.

ಮಾಷ್ಟ್ರು ಸತ್ತ ಹಕ್ಕಿಯ ಬಳೆಯನ್ನು ಮುಂಬಯಿಗೆ ಕಳಿಸಿದರು. ಎರಡು ತಿಂಗಳಿಗೆ ಉತ್ತರ ಬಂತು: ಎರಡು ವರ್ಷದ ಹಿಂದೆ ಒಂದು ದ್ವೀಪದಲ್ಲಿ, ಮರಿಯಾಗಿದ್ದಾಗ ಹಾಕಿದ ಬಳೆ. ಜೊತೆಗೆ ತುಂಬಿಸಬೇಕಾದ ಒಂದು ಹಾಳೆ. ಸಿಕ್ಕಿದ ಸ್ಥಳ, ದಿನಾಂಕ, ಸಾವಿನ ಕಾರಣ.

"ಕಾರಣ ಎಂತ ಬರೆದ್ರಿ ಮಾಷ್ಟ್ರೆ?"

"ಗಾಳಿಮಳೆ ಅಂತ."

"ಗಾಳಿಮಳೆಯಲ್ಲಿ ಅದು ಬದುಕಿ ಬಂದಿತ್ತು."

"ನೀವು ಬೇಕೂಂತ ಮಾಡಿದ್ದಲ್ಲವಲ್ಲ."

"ಅದು ನನಗೆ ಗೊತ್ತುಂಟು. ಎಣ್ಣೆ ಅಂತ ಬರೀರಿ. ಇಲ್ಲದಿದ್ರೆ ಮುಂದಿನ ಆಟಿಗೆ ಇನ್ನೊಬ್ಬಳು ಹಚ್ಚುತ್ತಾಳೆ."

ಮಾಷ್ಟ್ರು ಬರೆದದ್ದನ್ನು ಹೊಡೆದುಹಾಕಿದರು. ಅವಳು ಹೇಳಿದ್ದನ್ನು ಬರೆದು, ಕೆಳಗೆ ಅವಳ ಹೆಸರನ್ನೂ ಬರೆಯುವವರೆಗೆ ಪೂವಮ್ಮ ಜಗಲಿಯಿಂದ ಏಳಲಿಲ್ಲ.